ಕಾಡುಗುಡ್ಡಗಳಲ್ಲಿ ತಂಡ ನಡೆಸುವುದನ್ನು ಎಲ್ಲಿ ಕಲಿಯೋದು?

ಪ್ರಶ್ನೆ: ಸರ್, ನಾನು ಕಾಸರಗೋಡಿನ ಬದಿಯಡ್ಕದವಳು, ಪ್ಲಸ್ ಟು ಓದುತ್ತಿದ್ದೇನೆ. ಚಾರಣ ಅಂದ್ರೆ ಪ್ರಾಣ. ಹೊರದೇಶದ ಕೆಲವು ಕಾಲೇಜುಗಳಲ್ಲಿ ಔಟ್‌ಡೋರ್ ಎಜುಕೇಶನ್ (ತಂಡವನ್ನು ಕಾಡುಗುಡ್ಡಗಳಿಗೆ ಕರೆದೊಯ್ದು ಕಲಿಸುವ ವಿದ್ಯೆ) ಅಂತಲೇ ಡಿಗ್ರಿ ಇದೆಯಂತೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಇಲ್ಲೇ ಇದ್ದು ಕಲಿಯಬಹುದಾ?

ಉತ್ತರ (ಶಿಬಿರ ತರಬೇತುದಾರ): ಖಂಡಿತ ಕಲಿಯಬಹುದು ತಂಗಿ. ಭೂಗೋಳವೋ ಸಸ್ಯಶಾಸ್ತ್ರವೋ, ಇಷ್ಟವಾದ ಡಿಗ್ರಿಗೆ ಸೇರಿಕೊಳ್ಳಿ. ರಜೆಯಲ್ಲಿ ಪರ್ವತಾರೋಹಣ ಕೋರ್ಸ್ ಮಾಡಿ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ 1954ರಲ್ಲಿ, ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್ 1965ರಲ್ಲಿ ಶುರುವಾದವು. ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಅದರಲ್ಲಿ 'ಎ' ಗ್ರೇಡ್ ಬಂದರೆ ಅಡ್ವಾನ್ಸ್ ಕೋರ್ಸ್, ಅದಾದ ಮೇಲೆ ಬೇರೆಯವರಿಗೆ ಕಲಿಸುವ ತರಬೇತಿ. ಹಾಗಾಗಿ ತಯಾರಿ ಇಲ್ಲದೆ ಸುಮ್ನೆ ಹೋಗಬೇಡಿ. ಈಗಿನಿಂದಲೇ ಭಾರದ ಚೀಲ ಹೊತ್ತು ಗುಡ್ಡ ಹತ್ತಿ.

ಆದರೆ ಹತ್ತಲು ಬಂದವರಿಗೆಲ್ಲ ತಂಡ ನಡೆಸಲು ಬರುವುದಿಲ್ಲ. ನಿಮ್ಮ ಹತ್ತಿರದ ಪೊಸಡಿಗುಂಪೆ ಗುಡ್ಡವನ್ನೇ ನೋಡಿ. ತುದಿ ಪೂರ್ತಿ ಬೋಳು. ಅಕ್ಟೋಬರ್‌ನಲ್ಲಿ ಬೆಳಗ್ಗೆ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಗುಡುಗು ಶುರುವಾಗುತ್ತದೆ. ಮಕ್ಕಳು 'ಇನ್ನೊಂದು ಫೋಟೋ ಸರ್' ಅಂತಿರುತ್ತಾರೆ. ದೂರದಲ್ಲಿ ಒಂದು ಗುಡುಗು ಕೇಳಿದರೂ ಸಾಕು, ಇಳಿಸಲೇಬೇಕು. ಒಂಟಿ ಮರದ ಬುಡಕ್ಕೆ ಯಾರೂ ಹೋಗಬಾರದು. ದಾರಿಯಲ್ಲೇ ಸಿಡಿಲು ಹತ್ತಿರ ಬಂದರೆ ಗುಂಪು ಕಟ್ಟದೆ ಬಿಡಿಬಿಡಿಯಾಗಿ ಇಳಿಯಬೇಕು. ಹಾಗಿದ್ದರೆ ಒಬ್ಬರಿಗೆ ಏಟಾದರೂ ಉಳಿದವರು ಕೈಕೊಡಬಹುದು. ಬೈಸಿಕೊಂಡಾದರೂ ಸರಿ, ಇಳಿಸುವವನೇ ಲೀಡರ್. ಈ ಧೈರ್ಯ ಇಲ್ಲದವರ ಕೈಗೆ ಮಕ್ಕಳನ್ನು ಕೊಡಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಪ್ರಥಮ ಚಿಕಿತ್ಸೆಯನ್ನೂ ಬೇಗ ಕಲಿಯಿರಿ. ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಅಂತ ಒಂದು ಕೋರ್ಸ್ ಇದೆ, 70-80 ಗಂಟೆಯದ್ದು. ಆಂಬುಲೆನ್ಸ್ ಬಾರದ ಜಾಗದಲ್ಲಿ ಗಾಯಾಳುವನ್ನು ಗಂಟೆಗಟ್ಟಲೆ ನೋಡಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರೆ.

ಪ್ರಶ್ನೆ: ನಾನು ಅವಳ ಅಮ್ಮ. ಹುಡುಗಿ ಒಬ್ಬಳೇ ಅಷ್ಟು ದೂರ ಹೋಗೋದು ಸರಿಯಾ? ಮುಂದೆ ಕೆಲಸ ಸಿಗುತ್ತಾ?

ಉತ್ತರ: ನಿಮ್ಮ ಆತಂಕ ಸಹಜ ಅಮ್ಮಾ. 1984ರಲ್ಲಿ ಎವರೆಸ್ಟ್ ಹತ್ತಿದ ಬಚೇಂದ್ರಿ ಪಾಲ್ ಅವರೂ ಉತ್ತರಕಾಶಿಯ ಆ ಸಂಸ್ಥೆಯಲ್ಲೇ ಕಲಿತವರು. ಕೆಲಸ ಶಾಲಾ ಶಿಬಿರಗಳಲ್ಲಿ, ಚಾರಣ ಕಂಪನಿಗಳಲ್ಲಿ ಸಿಗುತ್ತದೆ. ಹೆಚ್ಚಿನದು ಸೀಸನ್ ಕೆಲಸ, ವರ್ಷವಿಡೀ ಒಂದೇ ಥರ ಸಂಬಳ ಬರುವುದಿಲ್ಲ. ಡಿಗ್ರಿ ಬಿಡಬೇಡಿ ಅಂದಿದ್ದು ಅದಕ್ಕೇ. ಹುಡುಗಿಯರ ಶಿಬಿರಗಳಿಗೆ ಹೆಣ್ಣು ತರಬೇತುದಾರರು ಬೇಕೇ ಬೇಕು, ಸಿಗುವವರು ಕಡಿಮೆ. ಮೊದಲು ಒಮ್ಮೆ ರಾಣಿಪುರಂ ಬೆಟ್ಟಕ್ಕೆ ನೀವೂ ಅವಳ ಜೊತೆ ಹೋಗಿ ಬನ್ನಿ. ಮಳೆಗಾಲದಲ್ಲಾದರೆ ಜಿಗಣೆ ಜಾಸ್ತಿ, ಉಪ್ಪು ಇಟ್ಟುಕೊಳ್ಳಿ.