ಖೊರೋಗ್‌ನಲ್ಲಿ ಬಿಡುವಿನ ದಿನ: ಒಂದು ಸಾಕೇ, ಇನ್ನೊಂದು ಬೇಕೇ?

ಪ್ರಶ್ನೆ (ದಾವಣಗೆರೆ ಸವಾರ)

ತಜಿಕಿಸ್ತಾನದ ಖೊರೋಗ್‌ನಿಂದ ಬರೆಯುತ್ತಿದ್ದೇನೆ. ನಾನು ಮತ್ತು ನನ್ನ ಗೆಳೆಯ ದುಶಾಂಬೆಯಿಂದ ಕುಲೋಬ್ ಮಾರ್ಗವಾಗಿ ಒಂಬತ್ತು ದಿನ ಸೈಕಲ್ ತುಳಿದು ನಿನ್ನೆ ಸಂಜೆ ಇಲ್ಲಿಗೆ ತಲುಪಿದೆವು. ಕೊನೆಯ ದಿನಗಳೆಲ್ಲ ಪಂಜ್ ನದಿಯ ದಡದ ದಾರಿ. ದೂಳು, ಜಲ್ಲಿ, ಎದುರಿಗೆ ಬರುವ ಲಾರಿಗಳು. ನದಿಯ ಆಚೆ ಅಫ್ಘಾನಿಸ್ತಾನ. ಅಲ್ಲಿನ ಕಾಲುದಾರಿಯಲ್ಲಿ ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನೊಬ್ಬ ನಮ್ಮತ್ತ ಕೈಬೀಸಿ ಏನನ್ನೋ ಕೂಗಿದ. ಬಾಯಿ ಆಡಿದ್ದು ಕಂಡಿತು, ಮಾತು ನೀರಿನ ಅಬ್ಬರದಲ್ಲಿ ಕೇಳಿಸಲಿಲ್ಲ.

ಇವತ್ತು ಬಿಡುವಿನ ದಿನ. ಬೆಳಿಗ್ಗೆ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರೆ ಬಲಗೈಯ ಕಿರುಬೆರಳೂ ಉಂಗುರ ಬೆರಳೂ ನನ್ನವೇ ಅಲ್ಲವೇನೋ ಎಂಬಂತೆ ಇದ್ದವು. ಗುಂಡಿ ಬೆರಳ ತುದಿಗೆ ತಾಗುತ್ತಿದೆ, ಆದರೆ ತಾಗಿದ್ದು ಗೊತ್ತಾಗುತ್ತಿಲ್ಲ. ಮೂರು ಸಲ ಜಾರಿತು. ಕೊನೆಗೆ ಗೆಳೆಯ ಹಾಕಿಕೊಟ್ಟ.

ನಾವಿರುವ ಮನೆಯ ಅಜ್ಜಿ ಶೀರ್ ಚಾಯ್ ಕೊಟ್ಟರು. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ. ಬಟ್ಟಲಿಗೆ ರೊಟ್ಟಿ ಮುರಿದು ಹಾಕಿ, ನೆನೆಯುವವರೆಗೆ ಕಾಯಬೇಕು ಎಂದು ಕೈಸನ್ನೆಯಲ್ಲಿ ತೋರಿಸಿದರು. ಸಿಹಿ ಚಹಾಕ್ಕೆ ಒಗ್ಗಿದ ನಾಲಿಗೆ ಮೊದಲ ಗುಟುಕಿಗೆ ಬೆಚ್ಚಿತು. ಎರಡನೇ ಬಟ್ಟಲನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಆಮೇಲೆ ಬಟ್ಟೆ ಒಗೆದೆವು, ಚೈನ್ ತೊಳೆದೆವು, ಹಣ ಬದಲಾಯಿಸಿದೆವು, ಪೇಟೆಯಲ್ಲಿ ಗ್ಯಾಸ್ ಡಬ್ಬಿಗಾಗಿ ಅಲೆದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಸವಾರಿಯ ದಿನಕ್ಕಿಂತ ಹೆಚ್ಚು ದಣಿದಿದ್ದೆ. ನಾಳೆ ಬೆಳಕು ಹರಿಯುವ ಮುನ್ನವೇ ಪಾಮಿರ್ ಪರ್ವತಗಳ ಮೇಲಿರುವ ಮುರ್ಗಾಬ್ ಊರಿನ ಕಡೆಗೆ ಹೊರಡೋಣ ಎನ್ನುತ್ತಾನೆ ಗೆಳೆಯ. ನನಗೆ ಇನ್ನೊಂದು ದಿನ ಬೇಕು ಎನಿಸುತ್ತಿದೆ. ಆದರೆ ವೀಸಾ ದಿನಗಳಲ್ಲಿ ಉಳಿಕೆ ಇರುವುದು ಒಂದೇ ಒಂದು ದಿನ. ಅದನ್ನು ಇಲ್ಲೇ ಖರ್ಚು ಮಾಡಲೇ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಉತ್ತರ 1 (ಧಾರವಾಡದಿಂದ)

ಇಲ್ಲಿ ಖರ್ಚು ಮಾಡಬೇಡಿ. ನಾನು ಇದೇ ತಪ್ಪು ಮಾಡಿದವನು, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಖೊರೋಗ್ ಇರುವುದು ಸುಮಾರು 2,100 ಮೀಟರ್ ಎತ್ತರದಲ್ಲಿ. ಇಲ್ಲಿ ಮಲಗಿದರೆ ಕಾಲಿನ ನೋವು ಹೋಗುತ್ತದೆ, ಆದರೆ ದೇಹ ಎತ್ತರಕ್ಕೆ ಒಗ್ಗುವುದಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡಲು ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ. ನಿಮ್ಮ ಮುಂದಿರುವುದೇನು? ಗುಂಟ್ ನದಿಯ ಕಣಿವೆ ಹಿಡಿದು ಸುಮಾರು 120 ಕಿ.ಮೀ. ಏರಿದರೆ ಜೆಲೊಂದಿ, ಅಲ್ಲಿ ಎತ್ತರ ಸುಮಾರು 3,500 ಮೀಟರ್. ಅದರಾಚೆ ಕೊಯ್‌ತೆಜೆಕ್ ಕಣಿವೆದಾರಿ, 4,271 ಮೀಟರ್. ಮುರ್ಗಾಬ್ ದಾಟಿದ ಮೇಲೆ ಅಕ್‌ಬೈತಾಲ್, 4,655 ಮೀಟರ್. 3,000 ಮೀಟರ್ ದಾಟಿದ ನಂತರ ಮಲಗುವ ಜಾಗದ ಎತ್ತರವನ್ನು ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಪರ್ವತದ ವೈದ್ಯರು ಹೇಳುವ ಲೆಕ್ಕ.

ನಾವು ಖೊರೋಗ್‌ನಲ್ಲಿ ಮೂರು ದಿನ ಹಾಯಾಗಿ ಕಳೆದು, ಆಮೇಲೆ ಎಲ್ಲೂ ನಿಲ್ಲದೆ ಏರಿದೆವು. ಜೆಲೊಂದಿಯಲ್ಲಿ ನನಗೆ ತಲೆನೋವು ಶುರುವಾಗಿತ್ತು. ಬಿಸಿಲಿನದು ಅಂದುಕೊಂಡು ಮರುದಿನವೇ ಕೊಯ್‌ತೆಜೆಕ್ ಹತ್ತಿದೆ. ಅದರಾಚೆಯ ಅಲಿಚೂರ್ ಎಂಬ ಹಳ್ಳಿಯಲ್ಲಿ ರಾತ್ರಿಯಿಡೀ ವಾಂತಿ. ಎದ್ದು ನಿಂತರೆ ನೆಲ ವಾಲುತ್ತಿತ್ತು. ಬೆಳಿಗ್ಗೆ ಸೈಕಲ್ಲನ್ನು ಲಾರಿಗೆ ಹಾಕಿ, ಬಂದ ದಾರಿಯಲ್ಲೇ ಕೆಳಗಿಳಿದೆ. ಅಕ್‌ಬೈತಾಲ್ ನಾನು ಇವತ್ತಿಗೂ ನೋಡಿಲ್ಲ.

ಆದ್ದರಿಂದ ಉಳಿದ ಆ ಒಂದು ದಿನವನ್ನು ಜೆಲೊಂದಿಗೆ ಎತ್ತಿಡಿ. ಅಲ್ಲಿಗೆ ಎರಡಲ್ಲ, ಮೂರು ದಿನದಲ್ಲಿ ಹೋಗಿ. ಅಲ್ಲಿ ಬಿಸಿನೀರಿನ ಬುಗ್ಗೆ ಇದೆ, ಕಾಲಿಗೆ ಅದಕ್ಕಿಂತ ಒಳ್ಳೆಯ ಔಷಧ ಬೇಡ. ಬಿಡುವಿನ ದಿನ ಮಧ್ಯಾಹ್ನ ಸಾಮಾನು ಬಿಟ್ಟು ನಿಧಾನವಾಗಿ ಸ್ವಲ್ಪ ಮೇಲೆ ನಡೆದು, ಮತ್ತೆ ಇಳಿದು ಬಂದು ಮಲಗಿ. ತಲೆನೋವು ಇದ್ದರೆ ಮುಂದೆ ಹತ್ತಬೇಡಿ. ನಿಂತಲ್ಲೇ ನಿಂತರೂ ಹೆಚ್ಚಾಗುತ್ತಿದ್ದರೆ ಇಳಿಯಿರಿ. ಆಗ ಗೆಳೆಯ ಏನೇ ಹೇಳಲಿ, ಕೇಳಬೇಡಿ.

ಉತ್ತರ 2 (ಮೈಸೂರು, ಫಿಸಿಯೋಥೆರಪಿಸ್ಟ್)

ಎತ್ತರದ ಮಾತು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನಗೆ ಕಾಳಜಿ ನಿಮ್ಮ ಬೆರಳುಗಳದು. ಕಿರುಬೆರಳು ಮತ್ತು ಉಂಗುರ ಬೆರಳು ಎರಡೇ ಮರಗಟ್ಟಿದ್ದರೆ ಅದು ಹೆಚ್ಚಾಗಿ ಅಲ್ನಾರ್ ನರದ ಒತ್ತಡ. ಈ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಪಕ್ಕದಲ್ಲಿ ಹಾದುಹೋಗುತ್ತದೆ. ಜಲ್ಲಿ ರಸ್ತೆಯ ಕುಲುಕಾಟದಲ್ಲಿ ದಿನವಿಡೀ ಅದರ ಮೇಲೆಯೇ ಭಾರ ಬಿಟ್ಟರೆ ಹೀಗಾಗುತ್ತದೆ. ಒಂದು ದಿನದ ಬಿಡುವಿನಿಂದ ಪೂರ್ತಿ ಹೋಗಲಾರದು. ಹ್ಯಾಂಡಲ್ ಸ್ವಲ್ಪ ಎತ್ತರಿಸಿ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮಟ್ಟ ಮಾಡಿ, ಇಲ್ಲವಾದರೆ ಮೈಭಾರವೆಲ್ಲ ಕೈಗೇ ಬರುತ್ತದೆ. ಹಿಡಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿದರೂ ನಡೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೈ ಹಿಡಿಯುವ ಜಾಗ ಬದಲಿಸಿ. ಬ್ರೇಕ್ ಹಿಡಿಯಲು ಬಲ ಸಾಲುತ್ತಿಲ್ಲ ಎನಿಸಿದರೆ ಇಳಿಜಾರು ಮುಟ್ಟಲೇಬೇಡಿ, ವೈದ್ಯರಿಗೆ ತೋರಿಸಿ.

ಉತ್ತರ 3 (ಜರ್ಮನಿಯಲ್ಲಿರುವ ಕನ್ನಡತಿ)

ನಾನು ತುಳಿದದ್ದು ಪಾಸೌನಿಂದ ಬುಡಾಪೆಸ್ಟ್‌ವರೆಗಿನ ಡ್ಯಾನ್ಯೂಬ್ ದಡದ ದಾರಿ. ನಿಮ್ಮ ದಾರಿಗೆ ಹೋಲಿಸಿದರೆ ಅದು ಅಂಗಳ. ಆದರೂ ಬಿಡುವಿನ ದಿನ ದಣಿಯುವ ಸಂಕಟ ನನಗೂ ಗೊತ್ತು. ವಿಯೆನ್ನಾದಲ್ಲಿ ಒಂದು ದಿನ ನಿಂತು, ಬಟ್ಟೆ, ರಿಪೇರಿ, ಅರಮನೆ, ಪೇಟೆ ಎಲ್ಲ ಸುತ್ತಿ ರಾತ್ರಿ ಅಳು ಬಂದಿತ್ತು. ಆಮೇಲೆ ಒಂದು ರೂಢಿ ಮಾಡಿಕೊಂಡೆ. ಒಗೆತ, ಚೈನ್, ದಿನಸಿ ಎಲ್ಲವೂ ಊರು ತಲುಪಿದ ಸಂಜೆಯೇ, ಮೈ ಇನ್ನೂ ಬಿಸಿಯಿರುವಾಗಲೇ ಮುಗಿಯಬೇಕು. ಮರುದಿನ ಏನೂ ಇಲ್ಲ. ಊಟ, ನಿದ್ದೆ, ಮನೆಗೆ ಒಂದು ಫೋನ್. ಜೆಲೊಂದಿಯಲ್ಲಿ ಹಾಗೆ ಮಾಡಿ ನೋಡಿ.

ಇನ್ನೊಂದು ಮಾತು. ಗೆಳೆಯರಿಗೆ ನಿಮ್ಮ ಬೆರಳಿನ ವಿಷಯ ಎಷ್ಟರಮಟ್ಟಿಗೆ ಗೊತ್ತಿದೆ? ಗುಂಡಿ ಹಾಕಿಕೊಟ್ಟಿದ್ದಾರೆ ಸರಿ. ಏಕೆ ಹಾಕಿಕೊಳ್ಳಲು ಆಗುತ್ತಿಲ್ಲ ಎಂದು ಹೇಳಿದ್ದೀರಾ?

ಮತ್ತೆ ದಾವಣಗೆರೆ ಸವಾರ

ಹೇಳಿರಲಿಲ್ಲ. ಚಳಿಗೆ ಕೈ ಸೆಟೆದಿದೆ ಎಂದುಬಿಟ್ಟಿದ್ದೆ. ನಿಮ್ಮ ಉತ್ತರ ಓದಿದ ಮೇಲೆ ಗುಂಟ್ ನದಿಯ ಪಕ್ಕದ ಉದ್ಯಾನದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತನಗೂ ಎರಡು ದಿನದಿಂದ ಮೊಣಕಾಲು ನೋಯುತ್ತಿದೆ, ನಿಂತರೆ ಮತ್ತೆ ಹೊರಡಲಾಗದೇನೋ ಎಂಬ ಹೆದರಿಕೆಗೆ ಅವಸರ ಮಾಡಿದೆ ಎಂದ. ಮೊಣಕಾಲಿನ ಮುಂಭಾಗದಲ್ಲಿ ನೋವಂತೆ. ನೋಡಿದರೆ ಅವನ ಸೀಟು ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ಆ ರಸ್ತೆಯಲ್ಲಿ ಕುಲುಕಿ ಕುಲುಕಿ ಜಾರಿರಬೇಕು. ಎತ್ತರಿಸಿ ಬಿಗಿ ಮಾಡಿದೆವು.

ಧಾರವಾಡದವರ ಮಾತಿನಂತೆ ನಾಳೆ ಹೊರಡುತ್ತೇವೆ, ಆದರೆ ಬೆಳಿಗ್ಗೆ ಒಂಬತ್ತಕ್ಕೆ. ಮೊದಲ ದಿನ 40 ಕಿ.ಮೀ. ದಾಟುವುದಿಲ್ಲ. ಉಳಿದ ದಿನ ಜೆಲೊಂದಿಗೆ. ಅಜ್ಜಿಗೆ ವಿಷಯ ತಿಳಿಸಿದ್ದಕ್ಕೆ ಒಣಗಿಸಿದ ಹಿಪ್ಪುನೇರಳೆ ಹಣ್ಣನ್ನು ಒಂದು ಚೀಲ ತುಂಬಿಸಿ ತಂದು ಸೈಕಲ್ಲಿನ ಮೇಲಿಟ್ಟಿದ್ದಾರೆ. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನು ಹಿಡಿದು ಮಡಿಸಿಬಿಟ್ಟರು. ಅವರು ಹಿಡಿದದ್ದು ಬಲಗೈಯನ್ನೇ. ಕಿರುಬೆರಳಿಗೆ ಅವರ ಅಂಗೈಯ ಬಿಸಿ ಸ್ವಲ್ಪ ತಿಳಿಯಿತು.