ಅಪ್‌ಡೇಟ್: ವ್ಯಸನ ಶುಶ್ರೂಷೆಯ ಕಲಿಕೆ, ಆರು ತಿಂಗಳ ನಂತರ

ಹಾಸನದಲ್ಲಿ ಸ್ಟಾಫ್ ನರ್ಸ್ ಆಗಿರುವ ನಾನು, ಮದ್ಯ ಮತ್ತು ಮಾದಕವಸ್ತು ವ್ಯಸನಿಗಳ ಶುಶ್ರೂಷೆಯನ್ನು ಕೆಲಸ ಬಿಡದೆ ಕಲಿಯುವುದು ಹೇಗೆಂದು ಆರು ತಿಂಗಳ ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ ಬೆಂಗಳೂರಿನ ನಿಮ್ಹಾನ್ಸ್‌ನ ಆನ್‌ಲೈನ್ ತರಬೇತಿಯಿಂದ ಆರಂಭಿಸಿದೆ.

ನನ್ನನ್ನು ಹೆಚ್ಚು ಬದಲಿಸಿದ್ದು ಕುಡಿತ ನಿಲ್ಲಿಸಿದಾಗ ಕಾಣುವ ಲಕ್ಷಣಗಳ ಪಾಠ. ಬೇರೆ ಕಾಯಿಲೆಗೆಂದು ದಾಖಲಾದವರು ಮೂರನೆಯ ದಿನ ನಡುಗುತ್ತ, ಬೆವರುತ್ತ, ಇಲ್ಲದ್ದನ್ನು ಕಂಡಂತೆ ಮಾತನಾಡಿದರೆ ಮೊದಲೆಲ್ಲ ಅದನ್ನು ಹಠವೆಂದೇ ತಿಳಿಯುತ್ತಿದ್ದೆ. ಕೊನೆಯ ಕುಡಿತದ ನಂತರ ಸಾಮಾನ್ಯವಾಗಿ 48ರಿಂದ 96 ಗಂಟೆಗಳಲ್ಲಿ ಕಾಣಿಸಿಕೊಳ್ಳುವ ಡೆಲಿರಿಯಮ್ ಟ್ರೆಮೆನ್ಸ್ (ನಡುಕ, ಗೊಂದಲ, ಭ್ರಮೆಗಳ ತೀವ್ರ ಸ್ಥಿತಿ) ಪ್ರಾಣವನ್ನೇ ತೆಗೆಯಬಲ್ಲದು ಎಂಬ ಅರಿವು ಆಗ ನನಗಿರಲಿಲ್ಲ, ಅದಕ್ಕಾಗಿ ಇಂದಿಗೂ ನೋವಿದೆ. ಈಗ ದಾಖಲಾತಿಯ ವೇಳೆಯಲ್ಲೇ ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಗದರದೆ ಕೇಳಿ ಬರೆದಿಡುತ್ತೇನೆ; ನಡುಕ, ಬೆವರು, ಕಳವಳ ಮೊದಲಾದ 10 ಅಂಶಗಳಿಂದ ಕುಡಿತ ನಿಲ್ಲಿಸಿದಾಗಿನ ಲಕ್ಷಣಗಳ ತೀವ್ರತೆಯನ್ನು ಅಳೆಯುವ ಸಿಐಡಬ್ಲ್ಯುಎ-ಎಆರ್ ಮಾಪಕವನ್ನು ವೈದ್ಯರ ಒಪ್ಪಿಗೆಯಿಂದ ಬಳಸುತ್ತೇನೆ; ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನ ವೈದ್ಯರು ಥಯಾಮಿನ್ (ವಿಟಮಿನ್ ಬಿ1) ಬರೆದಿದ್ದಾರೆಯೇ ಎಂದು ನೋಡುತ್ತೇನೆ.

ಸಕಲೇಶಪುರದ ಕಡೆಯ ಕಾಫಿ ತೋಟದ ಲೈನ್‌ಮನೆಯಿಂದ ಬಂದಿದ್ದ ತಾಯಿಯೊಬ್ಬರು, "ಸಿಸ್ಟರ್, ಇದು ಕಾಯಿಲೆಯಾ, ಚಟವಾ?" ಎಂದು ಕೇಳಿದರು. ಚಿಕಿತ್ಸೆಯಿರುವ ಕಾಯಿಲೆಯಮ್ಮ, ಮಗ ಮತ್ತೆ ಕುಡಿದರೂ ಕೈಬಿಡದೆ ಕರೆತನ್ನಿ ಎಂದು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಮಾದಕವಸ್ತುಗಳ ಭಾಗದ ಓದು ಇನ್ನೂ ಬಾಕಿಯಿದೆ. ಮುಂದಿನ ತಿಂಗಳು ಅದನ್ನು ಆರಂಭಿಸುತ್ತೇನೆ.