ಥರ್ಮೋಸ್ಟಾಟ್‌ಗೆ 'ಕಾವುತೂಬು' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಶಿರಾಡಿ ಘಾಟ್ ಹತ್ತುವಾಗ ನಮ್ಮ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಾಡಿಯನ್ನು ಎಳೆಸಿಕೊಂಡು ಸಕಲೇಶಪುರದ ಗ್ಯಾರೇಜಿಗೆ ತಂದೆವು. ಇಂಜಿನ್ ಸುಡುತ್ತಿದ್ದರೂ, ಅದರ ನೀರನ್ನು ತಣಿಸುವ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ತಣ್ಣಗಿತ್ತು. "ಥರ್ಮೋಸ್ಟಾಟ್ ಜಾಮ್ ಸಾರ್, ಓಪನ್ನೇ ಆಗ್ತಿಲ್ಲ" ಎಂದರು ಮೆಕ್ಯಾನಿಕ್. ಹೊಸದು ಹಾಕಿಸಿ, ಹಳೆಯದನ್ನು ಮನೆಗೆ ತಂದೆ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದೆ. ಅದರ ಮೇಲೆ 82 ಎಂದು ಒತ್ತಿದ್ದಾರೆ, ಅಂದರೆ 82 ಡಿಗ್ರಿಗೆ ಬಾಯಿ ತೆರೆಯಲು ಶುರುಮಾಡಬೇಕು. ನೀರು ಕುದಿದರೂ ಅದು ಮಿಸುಕಲಿಲ್ಲ.

ಐಟಿಐ ಓದುತ್ತಿರುವ ಅಣ್ಣನ ಮಗನಿಗೆ ಇದನ್ನು ಕನ್ನಡದಲ್ಲಿ ಬರೆದುಕೊಡಲು ಕೂತೆ. 'ತಾಪ ನಿಯಂತ್ರಕ' ಎಂದು ಬರೆದೆ. "ಚಿಕ್ಕಪ್ಪ, ಇಸ್ತ್ರಿಪೆಟ್ಟಿಗೆಯಲ್ಲಿ ಇರೋದೂ ಅದೇ ಅಲ್ವಾ?" ಎಂದು ಕೇಳಿದ. ಸರಿಯಾದ ಪ್ರಶ್ನೆ. ಇಸ್ತ್ರಿಪೆಟ್ಟಿಗೆಯದು ಕರೆಂಟ್ ತಪ್ಪಿಸುತ್ತದೆ. ಕಾರಿನದು ನೀರಿಗೆ ಅಡ್ಡ ನಿಲ್ಲುತ್ತದೆ. ಅದರೊಳಗೆ ಒಂದು ಚಿಕ್ಕ ಡಬ್ಬಿಯಲ್ಲಿ ಮೇಣ ಇದೆ. ಇಂಜಿನ್ ಕಾದಂತೆ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ಬಾಯಿ ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಇದು ನಮ್ಮ ಕೆರೆಯಿಂದ ನೀರು ಬಿಡುವ ತೂಬೇ ಅಲ್ಲವೇ? ಕೆರೆಯಲ್ಲಿ ನೀರುಗಂಟಿ ಬಂದು ತೂಬು ಎತ್ತಬೇಕು, ಇಲ್ಲಿ ಮೇಣವೇ ನೀರುಗಂಟಿ. ಅದಕ್ಕೇ 'ತೂಬು' ನನಗೆ ತುಂಬ ಹಿಡಿಸಿತು. ಮೊದಲು 'ಬಿಸಿತೂಬು' ಎಂದುಕೊಂಡೆ. ಆದರೆ ಬಿಸಿನೀರು ಎಂದರೆ ಬಿಸಿಯಾದ ನೀರು, ಹಾಗೆ ನೋಡಿದರೆ ಬಿಸಿತೂಬು ಬಿಸಿಯಾದ ತೂಬಾಗುತ್ತದೆ. 'ಕಾವುತೂಬು' ವಾಸಿ. ಕೋಳಿ ಮೊಟ್ಟೆಗೆ ಕೊಡುವುದೂ ಕಾವೇ, ಬೇಕಾದಷ್ಟು ಬಿಸಿ. ಥರ್ಮೋಸ್ಟಾಟ್ ಮೊದಲು ಮಾಡುವುದೂ ಅದನ್ನೇ: ನೀರು ತಡೆದು ಇಂಜಿನ್‌ಗೆ ಬೇಗ ಕಾವು ಬರಲು ಬಿಡುತ್ತದೆ. "ನಮ್ಮ ಸೆಕೆಗೆ ಅದು ಬೇಡ, ಕಿತ್ತುಹಾಕಿ" ಎನ್ನುವವರು ಇದ್ದಾರೆ. ಕಿತ್ತರೆ ಇಂಜಿನ್ ಕಾವೇರುವುದು ತಡ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೆಸರಿನಲ್ಲೇ ಕಾವು ಇದ್ದರೆ ಈ ತಪ್ಪು ಕಡಿಮೆಯಾಗಬಹುದು ಎಂಬ ಆಸೆ ನನಗೆ.

ಇನ್ನು ಸಂಧಿ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆದಂತೆ ಇದೂ 'ಕಾವುದೂಬು' ಆಗಬೇಕೇ? ನನ್ನ ಕಿವಿಗೆ ತೂಬೇ ಸರಿ, ದೂಬು ಎಂದರೆ ಪದವೇ ಗುರುತು ಸಿಗುವುದಿಲ್ಲ. ವ್ಯಾಕರಣ ಬಲ್ಲವರು ತಿಳಿಸಿ.

ಇನ್ನೊಂದು ತೊಡಕು 'ಜಾಮ್'. ಮುಚ್ಚಿ ಜಾಮ್ ಆದರೆ ಇಂಜಿನ್ ಕುದಿಯುತ್ತದೆ, ತೆರೆದು ಜಾಮ್ ಆದರೆ ಕಾವೇ ಏರುವುದಿಲ್ಲ. ಎರಡಕ್ಕೂ ಒಂದೇ ಮಾತು. 'ಮುಚ್ಚಿ ಕಚ್ಚಿಕೊಂಡಿದೆ', 'ತೆರೆದು ಕಚ್ಚಿಕೊಂಡಿದೆ' ಎಂದು ಬರೆದಿದ್ದೇನೆ. ಕೋಲಾರ, ತುಮಕೂರು, ಚಿತ್ರದುರ್ಗದ ಕೆರೆಯಂಚಿನ ಊರಿನವರು ಯಾರಾದರೂ ಇದ್ದರೆ ಹೇಳಿ: ತೂಬು ಎತ್ತಲು ಬಾರದಿದ್ದಾಗ ಏನೆನ್ನುತ್ತೀರಿ? ಮುಚ್ಚಲು ಬಾರದೆ ನೀರು ಹರಿಯುತ್ತಲೇ ಇದ್ದಾಗ?